ತೆರಿಗೆ ಬಾಕಿ, ವಕೀಲ ಮತ್ತು ಅಚೌರ್ಯಾಣುವ್ರತ

ಶ್ರೀ ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ನಿರೂಪಿಸಿದ್ದಾರೆ. ಕಳ್ಳತನಕ್ಕೆ ಪ್ರೇರಣೆ, ಕದ್ದ ಮಾಲಿನ ಖರೀದಿ, ಅಳತೆ ತೂಕಗಳಲ್ಲಿ ಹೆಚ್ಚುಕಡಿಮೆ, ಕಲಬೆರಕೆ ಇವು ಅಂಗಡಿಯಲ್ಲಿ ಕುಳಿತವರೆಲ್ಲರೂ ಬಲ್ಲವು. ಇವುಗಳ ನಡುವೆ ಬರುವ ವಿರುದ್ಧರಾಜ್ಯಾತಿಕ್ರಮವನ್ನು ನಮ್ಮ ಕಾಲದಲ್ಲಿ ತೆರಿಗೆಗೂ ಅನ್ವಯಿಸಿ ಹೇಳುವುದು ರೂಢಿಯಾಗಿದೆ. ಆದರೆ ಬಾಕಿ ನಿಂತ ಮೇಲೆ ಶ್ರಾವಕನು ವಕೀಲನನ್ನು ನೇಮಿಸಿಕೊಂಡರೆ ಅದೂ ತಪ್ಪಿಸಿಕೊಳ್ಳುವ ಉಪಾಯವಲ್ಲವೇ ಎಂಬ ಸಂದೇಹ ಕೆಲವರಲ್ಲಿದೆ. ಆದಾಯ ತೆರಿಗೆಯ ಇತಿಹಾಸವನ್ನು ನೋಡಿದರೆ ಈ ಸಂದೇಹ ನಿಲ್ಲಲಾರದು.

ಮೈಸೂರು ಸಂಸ್ಥಾನವು 1923ರಲ್ಲಿ ತನ್ನದೇ ಆದಾಯ ತೆರಿಗೆ ಕಾಯ್ದೆಯನ್ನು ಮಾಡಿಕೊಂಡಿತ್ತು. 1950ರ ಏಪ್ರಿಲ್ 1ರಿಂದ ಭಾರತದ 1922ರ ಕಾಯ್ದೆ ಇಲ್ಲಿಗೂ ಬಂದಿತು. ಅದರ 61ನೆಯ ಕಲಮಿನಂತೆ ವರ್ತಕನು ಲಿಖಿತ ಅಧಿಕಾರ ಕೊಟ್ಟು ತನ್ನ ಬಂಧುವನ್ನೋ, ಕಾಯಂ ನೌಕರನನ್ನೋ, ವಕೀಲನನ್ನೋ, ಲೆಕ್ಕಿಗನನ್ನೋ ಅಧಿಕಾರಿಯ ಮುಂದೆ ಕಳುಹಿಸಬಹುದಾಗಿತ್ತು. ಪ್ರತಿನಿಧಿಯನ್ನು ಸರಕಾರವೇ ಒಪ್ಪಿತ್ತೆಂಬುದು ಗಮನಿಸತಕ್ಕ ಸಂಗತಿ.

ಯುದ್ಧಕಾಲದ ಕಪ್ಪುಹಣವನ್ನು ಹೊರತೆಗೆಯಲು 1947ರಲ್ಲಿ ಆದಾಯ ತೆರಿಗೆ ತನಿಖಾ ಆಯೋಗದ ಕಾಯ್ದೆ ಬಂದಿತು. ಆಯೋಗದ ವಿಚಾರಣೆಯಲ್ಲಿದ್ದವರು ರಾಜಿಗೆ ಒಪ್ಪಿ ಇಂತಿಷ್ಟು ಕಟ್ಟುವುದಕ್ಕೆ ಅದರಲ್ಲಿ ಅವಕಾಶ ಮಾಡಲಾಯಿತು. ದೆಹಲಿಯ ಬಶೇಶರನಾಥರು 1954ರಲ್ಲಿ ಹೀಗೆ ರಾಜಿ ಮಾಡಿಕೊಂಡರು, ಕಂತುಗಳನ್ನೂ ಕಟ್ಟತೊಡಗಿದರು. ಮರುವರ್ಷ ಸರ್ವೋಚ್ಚ ನ್ಯಾಯಾಲಯವು ಬೇರೊಂದು ಮೊಕದ್ದಮೆಯಲ್ಲಿ, ಕೆಲವರನ್ನು ಮಾತ್ರ ಆರಿಸಿ ಇಂತಹ ಕಠಿಣ ವಿಚಾರಣೆಗೆ ಒಪ್ಪಿಸುವುದು ಸಂವಿಧಾನದ 14ನೆಯ ವಿಧಿಗೆ ವಿರುದ್ಧವೆಂದಿತು. ನೀವೇ ಒಪ್ಪಿದ ರಾಜಿ, ಅದು ಊರ್ಜಿತ ಎಂದು ಇಲಾಖೆ ಬಶೇಶರನಾಥರಿಗೆ ತಿಳಿಸಿತು. ಅವರು ಮೇಲ್ಮನವಿ ಸಲ್ಲಿಸಿದರು. 1958ರ ನವೆಂಬರಿನಲ್ಲಿ ನ್ಯಾಯಾಲಯವು ಪ್ರಜೆಯು ಒಪ್ಪಿ ಸಹಿ ಹಾಕಿದರೂ ಆ ಮೂಲಭೂತ ಹಕ್ಕನ್ನು ಬಿಟ್ಟುಕೊಡಲಾಗದೆಂದು ತೀರ್ಪಿತ್ತು ರಾಜಿಯನ್ನು ರದ್ದುಪಡಿಸಿತು. ಅವರು ಆದಾಯ ಮುಚ್ಚಿಟ್ಟದ್ದು ಸರಿಯೆಂದು ಇದರ ಅರ್ಥವಲ್ಲ. ಕಾನೂನು ಬಲ್ಲವನಿಲ್ಲದೆ ಹೆದರಿ ಸಹಿ ಹಾಕುವ ವರ್ತಕನು ಸಲ್ಲದ ರೀತಿಯಲ್ಲಿಯೂ ಸಿಕ್ಕಿಬೀಳಬಹುದೆಂಬುದಷ್ಟೇ ನನ್ನ ಅಭಿಪ್ರಾಯ.

ನ್ಯಾಯಮೂರ್ತಿ ವಾಂಛೂ ಸಮಿತಿಯ 1971ರ ವರದಿಯ ಫಲವಾಗಿ 1976ರಲ್ಲಿ ಇತ್ಯರ್ಥ ಆಯೋಗವು ಸ್ಥಾಪಿತವಾಯಿತು. ಅಲ್ಲಿಗೆ ಹೋಗುವವನು ಪೂರ್ಣ ಮತ್ತು ಸತ್ಯವಾದ ಆದಾಯವನ್ನು ತಾನಾಗಿ ತಿಳಿಸಬೇಕಿತ್ತು. ಮೊದಲು ಸ್ವಲ್ಪ ಹೇಳಿ, ಇಲಾಖೆ ಹಿಡಿದಾಗ ಮತ್ತಷ್ಟು ಸೇರಿಸುವ ಪದ್ಧತಿಯನ್ನು ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ಒಪ್ಪಲಿಲ್ಲ. ಪ್ರತಿಕ್ರಮಣದಲ್ಲಿ ಅರ್ಧ ದೋಷವನ್ನು ಹೇಳಿ ಅರ್ಧ ಉಳಿಸಿಕೊಳ್ಳುವವನನ್ನು ನಾವೂ ಒಪ್ಪುವುದಿಲ್ಲವಷ್ಟೆ! 2021ರಲ್ಲಿ ಆ ಆಯೋಗವನ್ನು ಮುಚ್ಚಲಾಯಿತು.

1998, 2020 ಮತ್ತು 2024ರಲ್ಲಿ ಬಾಕಿಯ ವಿವಾದಗಳನ್ನು ತೀರಿಸುವ ಯೋಜನೆಗಳು ಬಂದವು. ಪ್ರತಿಯೊಂದಕ್ಕೂ ಗಡುವಿತ್ತು. ಗಡುವು ಮುಗಿದ ಮೇಲೆ ವಕೀಲರ ಮನೆ ಹುಡುಕಿಕೊಂಡು ಹೋದವರೂ ಇದ್ದರು.

ಈಗ ನೋಟೀಸು, ವಿಚಾರಣೆಗಳು ಬಹುಮಟ್ಟಿಗೆ ಗಣಕಯಂತ್ರದ ಮೂಲಕವೇ ನಡೆಯುವುದರಿಂದ ದೂರದ ದೊಡ್ಡ ಹೆಸರಿನವರೇ ಸಾಕೆನ್ನುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಬಾಕಿ ವಸೂಲಿಯ ಕೆಲಸವು ಊರಿನ ವ್ಯಾಪ್ತಿಯ ಅಧಿಕಾರಿಯ ಕೈಯಲ್ಲಿಯೇ ಉಳಿದಿದೆ. ಕಂತು ಕೇಳುವ ಅರ್ಜಿಯೂ ಅವರಿಗೇ ಹೋಗಬೇಕು. 1961ರ ಕಾಯ್ದೆಯು ಬೇಡಿಕೆಯ ನೋಟೀಸಿಗೆ ಸಾಮಾನ್ಯವಾಗಿ 30 ದಿನಗಳ ಅವಧಿಯನ್ನಿಟ್ಟು, ಆ ಬಳಿಕ ತಿಂಗಳಿಗೆ ಶೇಕಡಾ 1ರಂತೆ ಬಡ್ಡಿಯನ್ನು ವಿಧಿಸಿತು. ಕಂತಿನ ಅರ್ಜಿಯೂ ಆ ಅವಧಿಯೊಳಗೇ ಸಲ್ಲಬೇಕಿತ್ತು. ಸ್ಥಳೀಯ ವಕೀಲನು ಅಂಗಡಿಗೆ ಬಂದು ಕಿರ್ದಿ ಖಾತೆಗಳನ್ನು ತಿರುವಿ ನೋಡಬಲ್ಲ. ಆತನಿಗೆ ಎರಡು ನಂಬರಿನ ಲೆಕ್ಕವನ್ನೂ ತೋರಿಸಬೇಕು. ಅದನ್ನು ಮುಚ್ಚಿಡೋಣವೆಂದು ಅವನೇ ಹೇಳಿದರೆ ಬೇರೆ ವಕೀಲನನ್ನು ನೋಡುವುದು ಮೇಲು.

ಬಸದಿಗಳ ಟ್ರಸ್ಟುಗಳ ವಿಷಯ ಸ್ವಲ್ಪ ಬೇರೆ. ಲೆಕ್ಕಪರಿಶೋಧನೆಯ 10ಬಿ ನಮೂನೆಯನ್ನು ತಡವಾಗಿ ಸಲ್ಲಿಸಿದ ಮಾತ್ರಕ್ಕೆ ವಿನಾಯಿತಿ ತಪ್ಪಿ, ಕಾಣಿಕೆಯ ಹಣದ ಮೇಲೆ ತೆರಿಗೆ ಬಿದ್ದ ಪ್ರಸಂಗಗಳುಂಟು. ಇಲ್ಲಿ ಮುಚ್ಚಿಟ್ಟದ್ದೇನೂ ಇರುವುದಿಲ್ಲ. ವಿಳಂಬವನ್ನು ಮನ್ನಿಸಬೇಕೆಂದು ಆಯುಕ್ತರಲ್ಲಿ ಕಾರಣಸಹಿತ ಅರ್ಜಿ ಹಾಕುವ ದಾರಿಯನ್ನು ಆ ಕಾಯ್ದೆಯೇ ತೋರಿಸಿತ್ತು. ನೋಟೀಸನ್ನು ಮುಂದಿನ ಮಹಾಸಭೆಯವರೆಗೆ ಕಪಾಟಿನಲ್ಲಿಡದೆ ಅದೇ ವಾರ ಊರಿನ ವಕೀಲರ ಕೈಗೆ ಕೊಟ್ಟ ಟ್ರಸ್ಟಿಗೆ ಆ ಅರ್ಜಿಯನ್ನು ಬರೆಯಲು ಸಮಯ ಸಿಗುತ್ತದೆ.