ಹಿತ್ತಲು ಮತ್ತು ಹುಲ್ಲುಹಾಸಿನಲ್ಲಿ ಹೆಗ್ಗಣಗಳ ನಿಯಂತ್ರಣ

ಹಿತ್ತಲು ಮತ್ತು ಹುಲ್ಲುಹಾಸಿನಲ್ಲಿ ಹೆಗ್ಗಣಗಳ ನಿಯಂತ್ರಣ ಎಂದರೆ ಮನೆಯ ಅಂಗಳ, ಕೈತೋಟ ಹಾಗೂ ಹುಲ್ಲುಹಾಸುಗಳಲ್ಲಿ ಬಿಲ ತೋಡಿ ಹಾನಿ ಮಾಡುವ ದಂಶಕ ಪ್ರಾಣಿಗಳನ್ನು ತಡೆಯುವ ಕ್ರಮಗಳು. ಯುರೋಪ್ ಮತ್ತು ಉತ್ತರ ಅಮೆರಿಕದ ಹುಲ್ಲುಹಾಸುಗಳಲ್ಲಿ ಮಣ್ಣಿನ ಗುಪ್ಪೆ ಎಬ್ಬಿಸುವ ಪ್ರಾಣಿ ಮೋಲ್. ಕರ್ನಾಟಕದಲ್ಲಿ ಮೋಲ್‌ಗಳಿಲ್ಲ. ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳಲ್ಲಿ ಅಂಥ ಗುಪ್ಪೆಗಳು ಕಂಡರೆ ಅವು ಸಾಮಾನ್ಯವಾಗಿ ಹೆಗ್ಗಣ ಅಥವಾ ಹೊಲದ ಇಲಿಗಳ ಕೆಲಸವಾಗಿರುತ್ತವೆ.

ಮೋಲ್ ಮತ್ತು ಹೆಗ್ಗಣದ ವ್ಯತ್ಯಾಸ

ಮೋಲ್ ದಂಶಕವಲ್ಲ. ಅದು ಎರೆಹುಳು ಹಾಗೂ ಮಣ್ಣಿನ ಕೀಟಗಳನ್ನು ತಿಂದು ಬದುಕುವ, ಟಾಲ್ಪಿಡೆ ಕುಟುಂಬಕ್ಕೆ ಸೇರಿದ ಸಸ್ತನಿ. ಭಾರತದಲ್ಲಿ ಈ ಕುಟುಂಬದ ಪ್ರಾಣಿಗಳು ಹಿಮಾಲಯ ಮತ್ತು ಈಶಾನ್ಯ ಭಾಗಗಳಲ್ಲಿ ಮಾತ್ರ ಇವೆ. ಹೆಗ್ಗಣವು ಇಲಿಗಳ ಗುಂಪಿಗೆ ಸೇರಿದ್ದು, ಕಾಳು, ಗಡ್ಡೆ, ಬೇರು ಮತ್ತು ಎಳೆಯ ಕಾಂಡಗಳನ್ನು ತಿನ್ನುತ್ತದೆ. ಸಣ್ಣ ಹೆಗ್ಗಣಕ್ಕೆ (ಬ್ಯಾಂಡಿಕೋಟ ಬೆಂಗಾಲೆನ್ಸಿಸ್) ಇಂಗ್ಲಿಷಿನಲ್ಲಿ ‘ಇಂಡಿಯನ್ ಮೋಲ್ ರ್‍ಯಾಟ್’ ಎಂಬ ಹೆಸರೂ ಇರುವುದರಿಂದ ಇವೆರಡನ್ನೂ ಒಂದೇ ಎಂದು ಭಾವಿಸುವುದುಂಟು. ‘ಬ್ಯಾಂಡಿಕೂಟ್’ ಎಂಬ ಇಂಗ್ಲಿಷ್ ಪದ ತೆಲುಗಿನ ‘ಪಂದಿಕೊಕ್ಕು’ ಎಂಬುದರಿಂದ ಬಂದಿದೆ. ಅದರ ಅರ್ಥ ಹಂದಿ ಇಲಿ.

ಈ ವ್ಯತ್ಯಾಸಕ್ಕೆ ಪ್ರಾಯೋಗಿಕ ಮಹತ್ವವಿದೆ. ಮೋಲ್‌ಗಳಿಗಾಗಿ ರೂಪಿಸಿದ ಉಪಾಯಗಳು, ಉದಾಹರಣೆಗೆ ಮಣ್ಣಿನ ಹುಳುಗಳನ್ನು ಕೊಂದು ಆಹಾರ ಇಲ್ಲವಾಗಿಸುವುದು, ಕಾಳು ತಿನ್ನುವ ಹೆಗ್ಗಣದ ಮೇಲೆ ಪರಿಣಾಮ ಬೀರುವುದಿಲ್ಲ.

ಕಂಡುಬರುವ ಪ್ರಾಣಿಗಳು

ಸಣ್ಣ ಹೆಗ್ಗಣ: ಗದ್ದೆಯ ಬದು, ಹಿತ್ತಲು ಹಾಗೂ ಹುಲ್ಲುಹಾಸುಗಳಲ್ಲಿ ಹೆಚ್ಚು ಬಿಲ ತೋಡುವ ಪ್ರಾಣಿ. ಬಿಲದ ಬಾಯಿಗೆ ಸಡಿಲ ಮಣ್ಣನ್ನು ತುಂಬಿ ಮುಚ್ಚಿಕೊಳ್ಳುತ್ತದೆ, ಒಳಗೆ ಕಾಳು ಮತ್ತು ತೆನೆಗಳನ್ನು ಕೂಡಿಡುತ್ತದೆ.

ದೊಡ್ಡ ಹೆಗ್ಗಣ (ಬ್ಯಾಂಡಿಕೋಟ ಇಂಡಿಕ): ಅರ್ಧ ಕಿಲೋಗ್ರಾಂಗೂ ಮೀರಿ ತೂಗಬಲ್ಲದು. ಚರಂಡಿ, ದನದ ಕೊಟ್ಟಿಗೆ, ಗೋಡೆಯ ಬುಡಗಳಲ್ಲಿ ವಾಸಿಸುತ್ತದೆ.

ಹೊಲದ ಇಲಿಗಳು: ಜರ್ಬಿಲ್ (ಟಟೆರ ಇಂಡಿಕ) ಮತ್ತು ಚಿಕ್ಕ ಹೊಲದಿಲಿ (ಮಸ್ ಬೂದುಗ). ಇವುಗಳ ಬಿಲದ ಬಾಯಿ ಕಿರಿದು.

ಸುಂಡಿಲಿ: ಉದ್ದ ಮೂತಿಯ ಈ ಪ್ರಾಣಿ ಇಲಿಯಲ್ಲ, ಮೋಲ್‌ಗಳಿಗೆ ಹತ್ತಿರದ ಸಂಬಂಧಿ. ಮುಖ್ಯವಾಗಿ ಕೀಟಗಳನ್ನು ತಿನ್ನುವುದರಿಂದ ಇದನ್ನು ಕೊಲ್ಲುವ ಅಗತ್ಯವಿಲ್ಲ.

ಪ್ರದೇಶ ಮತ್ತು ಕಾಲ

ಕೃಷಿ ಹವಾಮಾನ ವಿಂಗಡಣೆಯಲ್ಲಿ ಹಾನಗಲ್ಲ ಗುಡ್ಡಗಾಡು ವಲಯಕ್ಕೂ, ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರು ಉತ್ತರ ಪರಿವರ್ತನಾ ವಲಯಕ್ಕೂ ಸೇರುತ್ತವೆ. ಹಾನಗಲ್ಲ ಭಾಗದಲ್ಲಿ ಭತ್ತದ ಗದ್ದೆಯ ಬದುಗಳೂ ಕೆರೆಯ ಏರಿಗಳೂ ಹೆಗ್ಗಣಗಳಿಗೆ ನೆಲೆ ಒದಗಿಸುತ್ತವೆ. ಉಳಿದೆಡೆ ಗೋವಿನಜೋಳ, ಶೇಂಗಾ ಮತ್ತು ಹತ್ತಿಯ ಹೊಲಗಳು ಊರಿನ ಅಂಚಿನವರೆಗೂ ಹಬ್ಬಿವೆ. ಮಳೆಗಾಲದಲ್ಲಿ ಬಿಲಗಳಿಗೆ ನೀರು ನುಗ್ಗಿದಾಗ ಪ್ರಾಣಿಗಳು ಎತ್ತರದ ನೆಲಕ್ಕೆ ಸರಿಯುತ್ತವೆ. ಸುಗ್ಗಿ ಮುಗಿದು ಹೊಲ ಬರಿದಾದಾಗ ಬಣವೆ, ಕಣ ಹಾಗೂ ಹಿತ್ತಲಿನ ಕಡೆಗೆ ಬರುತ್ತವೆ. ಆದ್ದರಿಂದ ಸುಗ್ಗಿಗೆ ಮೊದಲೇ ನಿಯಂತ್ರಣ ಆರಂಭಿಸುವುದು ಹೆಚ್ಚು ಫಲಕಾರಿ.

ಹಾನಿ

ಬಿಲಗಳಿಂದ ಹುಲ್ಲಿನ ಬೇರುಗಳು ಮಣ್ಣಿನಿಂದ ಬೇರ್ಪಟ್ಟು ಒಣಗುತ್ತವೆ, ನೆಲ ಕುಸಿಯುತ್ತದೆ. ಮಣ್ಣಿನ ಗೋಡೆ ಮತ್ತು ಆಳವಿಲ್ಲದ ತಳಪಾಯಗಳು ಸಡಿಲಗೊಳ್ಳುತ್ತವೆ. ಇಲಿಗಳ ಮೂತ್ರ ಬೆರೆತ ನೀರು ಅಥವಾ ಕೆಸರಿನ ಸಂಪರ್ಕದಿಂದ ಇಲಿಜ್ವರ (ಲೆಪ್ಟೋಸ್ಪೈರೋಸಿಸ್) ಹರಡುತ್ತದೆ. ಕಾಲಿನಲ್ಲಿ ಗಾಯವಿದ್ದವರಿಗೆ ಅಪಾಯ ಹೆಚ್ಚು.

ನಿಯಂತ್ರಣ ಕ್ರಮಗಳು

ಪತ್ತೆ: ಸಂಜೆ ಎಲ್ಲ ಗುಪ್ಪೆಗಳನ್ನು ಸಮಮಾಡಿ, ತೆರೆದ ಬಿಲಗಳನ್ನು ಮಣ್ಣಿನಿಂದ ಮುಚ್ಚಬೇಕು. ಮರುದಿನ ಹೊಸ ಮಣ್ಣು ಬಿದ್ದಿರುವ ಅಥವಾ ಮತ್ತೆ ತೆರೆದಿರುವ ಬಿಲಗಳಲ್ಲಿ ಮಾತ್ರ ಪ್ರಾಣಿಗಳಿರುತ್ತವೆ.

ಸ್ವಚ್ಛತೆ: ಕಟ್ಟಿಗೆ ರಾಶಿ, ಕಸ ಮತ್ತು ತಿಪ್ಪೆಯನ್ನು ಗೋಡೆಯಿಂದ ದೂರವಿಡಬೇಕು. ಕೋಳಿ ಮತ್ತು ದನಗಳ ಆಹಾರವನ್ನು ರಾತ್ರಿ ತೆರೆದಿಡಬಾರದು. ಆಹಾರ ಸಿಗುವವರೆಗೂ ಕೊಂದ ಹೆಗ್ಗಣಗಳ ಜಾಗಕ್ಕೆ ಬೇರೆಯವು ಬರುತ್ತಲೇ ಇರುತ್ತವೆ.

ತಡೆ: ಚರಂಡಿಯ ಬಾಯಿಗೆ ಕಬ್ಬಿಣದ ಜಾಲರಿ ಹಾಕಬೇಕು. ಹೂವಿನ ಮಡಿಗಳ ಸುತ್ತ ಜಾಲರಿಯನ್ನು ನೆಲದೊಳಗೆ ಆಳವಾಗಿ ಹೂಳಬಹುದು.

ಬೋನು: ಶೇಂಗಾ, ಕೊಬ್ಬರಿ ಅಥವಾ ಕರಿದ ತಿಂಡಿ ಇಟ್ಟ ಬೋನನ್ನು ಗೋಡೆಗೆ ತಾಗಿಸಿ, ಓಡಾಟದ ದಾರಿಯಲ್ಲಿ ಇಡುತ್ತಾರೆ. ಮೊದಲ ಎರಡು ರಾತ್ರಿ ಬಾಗಿಲು ಬೀಳದಂತೆ ಕಟ್ಟಿಟ್ಟರೆ ಪ್ರಾಣಿಯ ಸಂಶಯ ಕಡಿಮೆಯಾಗುತ್ತದೆ.

ಸಹಜ ಶತ್ರುಗಳು: ಕಣಜ ಗೂಬೆ, ಕೇರೆಹಾವು ಮತ್ತು ಮುಂಗುಸಿ ಇಲಿಗಳನ್ನು ತಿನ್ನುತ್ತವೆ. ಇವುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ.

ವಿಷಗಳು ಮತ್ತು ಎಚ್ಚರಿಕೆ

ಹೊಲಗಳಲ್ಲಿ ಬಳಸುವ ಸತುವಿನ ಫಾಸ್ಫೈಡ್ ಆಹಾರವನ್ನು 96 ಭಾಗ ನುಚ್ಚು, 2 ಭಾಗ ಎಣ್ಣೆ ಮತ್ತು 2 ಭಾಗ ವಿಷದಿಂದ ತಯಾರಿಸುತ್ತಾರೆ. ಅದಕ್ಕೆ ಮೊದಲು ಎರಡು-ಮೂರು ದಿನ ವಿಷವಿಲ್ಲದ ಆಹಾರ ಇಟ್ಟು ಅಭ್ಯಾಸ ಮಾಡಿಸುತ್ತಾರೆ. ಈ ವಿಷಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲದ ಕಾರಣ ಮಕ್ಕಳು, ನಾಯಿ, ಬೆಕ್ಕು ಓಡಾಡುವ ಹಿತ್ತಲಿಗೆ ಇದು ತಕ್ಕುದಲ್ಲ. ಬ್ರೊಮಾಡಿಯೋಲೋನ್ (ಶೇ. 0.005) ರಕ್ತ ಹೆಪ್ಪುಗಟ್ಟದಂತೆ ಮಾಡಿ ಕೆಲವು ದಿನಗಳಲ್ಲಿ ಕೊಲ್ಲುತ್ತದೆ, ವಿಟಮಿನ್ ಕೆ1 ಇದರ ಪ್ರತಿವಿಷ. ಇದನ್ನೂ ಮುಚ್ಚಿದ ಪೆಟ್ಟಿಗೆಯಲ್ಲಿಯೇ ಇಡಬೇಕು. ಸತ್ತ ಪ್ರಾಣಿಗಳನ್ನು ಕೈಗವಸು ಹಾಕಿಕೊಂಡು ಆಳವಾಗಿ ಹೂಳಬೇಕು, ಇಲ್ಲವಾದರೆ ಅವನ್ನು ತಿಂದ ಗೂಬೆ ಮತ್ತು ಬೆಕ್ಕುಗಳೂ ಸಾಯಬಹುದು.

ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಗಳನ್ನು ಮನೆಯ ಬಳಿಯ ಬಿಲಗಳಿಗೆ ಹಾಕಲೇಬಾರದು. ತೇವಾಂಶ ತಾಗಿದಾಗ ಹೊರಬರುವ ಫಾಸ್ಫೀನ್ ಅನಿಲ ಬಿಲದ ಮೂಲಕ ತಳಪಾಯದಡಿ ಸಾಗಿ, ಮಲಗಿರುವವರ ಕೋಣೆಯನ್ನು ಸೇರಿ ಪ್ರಾಣ ತೆಗೆಯಬಲ್ಲದು. ವಿಷ ಸೇವನೆಯ ಸಂದೇಹವಿದ್ದರೆ 108ಕ್ಕೆ ಕರೆಮಾಡಿ, ವಿಷದ ಪೊಟ್ಟಣದೊಂದಿಗೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಸಾಮೂಹಿಕ ನಿಯಂತ್ರಣ

ಒಂದು ಮನೆಯವರು ಮಾತ್ರ ಕ್ರಮ ಕೈಗೊಂಡರೆ ನೆರೆಯ ಹಿತ್ತಲು ಮತ್ತು ಹೊಲಗಳಿಂದ ಹೆಗ್ಗಣಗಳು ಮರಳಿ ಬರುತ್ತವೆ. ಓಣಿಯವರೆಲ್ಲ ಒಂದೇ ವಾರದಲ್ಲಿ ಬಿಲ ಮುಚ್ಚಿ, ಬೋನು ಇಟ್ಟರೆ ಫಲ ಹೆಚ್ಚು ಕಾಲ ಉಳಿಯುತ್ತದೆ. ಹೋಬಳಿ ಮಟ್ಟದ ರೈತ ಸಂಪರ್ಕ ಕೇಂದ್ರಗಳಲ್ಲಿ ಹಾಗೂ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಅಡಿಯಲ್ಲಿರುವ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಈ ಕುರಿತು ಸಲಹೆ ಕೇಳಬಹುದು.