ಗುಡಿಯ ಗುಪ್ತಕೋಣೆಯಲ್ಲಿ ಏನಿದೆ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂದೊಡನೆ ಯಾರಿಗಾದರೂ ನೆನಪಾಗುವುದು ತೆಂಗು ಮತ್ತು ಕೊಬ್ಬರಿ. ಆದರೆ ಈ ತೋಟಗಳ ನಡುವೆ ಸಾವಿರ ವರ್ಷಗಳ ಶಿಲ್ಪಕಲೆಯೂ ಅಡಗಿ ಕುಳಿತಿದೆ. ಅರಳಗುಪ್ಪೆಯ ಕಲ್ಲೇಶ್ವರ ಗುಡಿ ಗಂಗ-ನೊಳಂಬರ ಕಾಲದ್ದು, ಒಂಬತ್ತನೆಯ ಶತಮಾನಕ್ಕೆ ಸೇರಿದ್ದು. ವಿಘ್ನಸಂತೆಯ ಲಕ್ಷ್ಮೀನರಸಿಂಹ, ತುರುವೇಕೆರೆಯ ಮೂಲೆ ಶಂಕರೇಶ್ವರ, ನಾಗಲಾಪುರದ ಕೇದಾರೇಶ್ವರ, ಸೆಟ್ಟಿಕೆರೆಯ ಯೋಗಮಾಧವ ಗುಡಿಗಳು ಹೊಯ್ಸಳರ ಕಾಲದವು.

ಹಳೆಯ ಗುಡಿ ಇದ್ದಲ್ಲಿ ಒಂದು ಹಳೆಯ ಕತೆಯೂ ಇರುವುದುಂಟು. ಗರ್ಭಗುಡಿಯ ಕೆಳಗೊಂದು ಮುಚ್ಚಿದ ಕೋಣೆ, ಅದರೊಳಗೆ ಕೊಪ್ಪರಿಗೆ ತುಂಬ ಹೊನ್ನು, ಅದಕ್ಕೆ ಹೆಡೆ ಬಿಚ್ಚಿದ ಸರ್ಪದ ಕಾವಲು. ನಾಡಿನ ಯಾವ ಮೂಲೆಗೆ ಹೋದರೂ ಈ ಕತೆ ಕೇಳಸಿಗುತ್ತದೆ. ಇದು ಬರಿಯ ಅಜ್ಜಿಕತೆಯಾಗಿದ್ದರೆ ಚಿಂತೆಯಿರಲಿಲ್ಲ. ಇದನ್ನು ನಂಬಿ ಹಾರೆ ಹಿಡಿದು ಬರುವವರಿದ್ದಾರೆ ಎಂಬುದೇ ಚಿಂತೆಯ ವಿಷಯ.

ಮುಚ್ಚಿದ ಕೋಣೆಯ ಕಲ್ಪನೆ ಹುಟ್ಟುವುದಕ್ಕೆ ಕಾರಣಗಳಿಲ್ಲದಿಲ್ಲ. ಮೊದಲನೆಯದು ಕಟ್ಟಡದ ರಚನೆ. ಹೊಯ್ಸಳ ಗುಡಿಯನ್ನು ಹೊರಗಿನಿಂದ ನೋಡಿದರೆ ಮೂಲೆ ಮೂಲೆಯಾಗಿ, ಕೆಲವೆಡೆ ನಕ್ಷತ್ರದಾಕಾರದಲ್ಲಿ ವಿಸ್ತಾರವಾಗಿ ಕಾಣುತ್ತದೆ. ಒಳಗೆ ಹೋದರೆ ಗರ್ಭಗುಡಿ ಮಾತ್ರ ಚೌಕಾಕಾರದ ಪುಟ್ಟ ಕೋಣೆ. ಹೊರಗಿನ ಅಷ್ಟು ಜಾಗ ಒಳಗೆ ಎಲ್ಲಿ ಹೋಯಿತು ಎಂಬ ಪ್ರಶ್ನೆ ಸಹಜವೇ. ಉತ್ತರ ಬಹಳ ಸರಳ: ಅದು ಗೋಡೆಯೊಳಗೆ ಹೋಗಿದೆ. ಹೊರಮೈಗೊಂದು ಸಾಲು, ಒಳಮೈಗೊಂದು ಸಾಲು ಕಲ್ಲು ನಿಲ್ಲಿಸಿ, ನಡುವೆ ಕಲ್ಲುಚೂರು, ಮಣ್ಣು ತುಂಬಿದ ದಪ್ಪ ಗೋಡೆ ಅದು. ಮೇಲಿನ ಭಾರ ಹೊರಬೇಕಾದ್ದರಿಂದ ಅಷ್ಟು ದಪ್ಪ ಬೇಕು.

ಎರಡನೆಯ ಕಾರಣ ಗರ್ಭನ್ಯಾಸ. ಗುಡಿ ಕಟ್ಟುವಾಗ ತಳಪಾಯದಲ್ಲಿ ಒಂದು ಕರಂಡಕವನ್ನಿಟ್ಟು ಮುಚ್ಚುವ ವಿಧಿಯನ್ನು 'ಮಯಮತ'ದಂಥ ಶಿಲ್ಪಶಾಸ್ತ್ರ ಗ್ರಂಥಗಳು ವಿವರವಾಗಿ ಹೇಳುತ್ತವೆ. ಅದರೊಳಗೆ ಒಂಬತ್ತೋ ಇಪ್ಪತ್ತೈದೋ ಮನೆಗಳು. ಅವುಗಳಲ್ಲಿ ಇಡುವುದೇನು? ಹೊಳೆಯ ಮಣ್ಣು, ಬೆಟ್ಟದ ಮಣ್ಣು, ಹುತ್ತದ ಮಣ್ಣು, ಏಡಿಯ ಬಿಲದ ಮಣ್ಣು, ತಾವರೆಯ ಗೆಡ್ಡೆ, ಧಾನ್ಯದ ಕಾಳು, ಜೊತೆಗೆ ಚೂರುಪಾರು ಲೋಹ ಮತ್ತು ಹರಳು. ಇದು ಕೂಡಿಟ್ಟ ಸಂಪತ್ತಲ್ಲ, ಬಿತ್ತಿದ ಬೀಜ. ಭೂಮಿಯ ಸಾರವನ್ನೆಲ್ಲ ಅಂಗೈಯಗಲದಲ್ಲಿ ಇಟ್ಟು, ಅದರಿಂದ ದೇವಾಲಯ ಮೊಳೆತು ಬೆಳೆಯುತ್ತದೆ ಎಂದು ಭಾವಿಸಿದರು. ಗರ್ಭಗುಡಿ ಎಂಬ ಹೆಸರಿನ ಪಕ್ಕದಲ್ಲಿಟ್ಟು ನೋಡಿದರೆ ಈ ಭಾವನೆಯ ಔಚಿತ್ಯ ತಿಳಿಯುತ್ತದೆ.

ಮೂರನೆಯದು ನಮ್ಮ ರೈತರ ಹಗೇವು. ರಾಗಿಯನ್ನು ನೆಲದೊಳಗಿನ ಗುಂಡಿಯಲ್ಲಿ ತುಂಬಿ, ಬಾಯಿಗೆ ಚಪ್ಪಡಿ ಹೊಂದಿಸಿ, ಮಣ್ಣು ಮೆತ್ತಿ ಮುಚ್ಚುತ್ತಿದ್ದರು. ವರ್ಷಗಟ್ಟಲೆ ಕಾಳು ಕೆಡುತ್ತಿರಲಿಲ್ಲ. ಬರಗಾಲದಲ್ಲಿ ಊರನ್ನು ಉಳಿಸುತ್ತಿದ್ದುದು ಈ ಮುಚ್ಚಿದ ಕೋಣೆಯೇ. ಆದರೆ ಮುಚ್ಚಿದ ಹಗೇವಿನೊಳಗೆ ಧಾನ್ಯ ಉಸಿರಾಡಿ ಆಮ್ಲಜನಕ ತೀರಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಬಾಯಿ ತೆರೆದ ಕೂಡಲೇ ಇಳಿದವನು ಉಸಿರುಕಟ್ಟಿ ಸಾಯುವುದುಂಟು. ತಿಳಿದವರು ಮೊದಲು ಗಾಳಿಯಾಡಲು ಬಿಟ್ಟು, ದೀಪ ಇಳಿಸಿ, ಅದು ಆರುವುದಿಲ್ಲವೆಂದು ಖಾತ್ರಿಯಾದ ಮೇಲೆ ಇಳಿಯುತ್ತಿದ್ದರು. ನೆಲದೊಳಗಿನ ನಿಧಿಯನ್ನು ಮುಟ್ಟಿದವನು ಸಾಯುತ್ತಾನೆಂಬ ನಂಬಿಕೆಗೆ ಇಂಥ ಸಾವುಗಳೂ ಇಂಬು ಕೊಟ್ಟಿರಬಹುದು.

ಮುಚ್ಚಿದ ಕೋಣೆಯಿಂದ ನಿಜವಾದ ಅಮೂಲ್ಯ ವಸ್ತು ಹೊರಬಂದ ಉದಾಹರಣೆ ಕನ್ನಡನಾಡಿನಲ್ಲೇ ಇದೆ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲಾ, ಜಯಧವಲಾ, ಮಹಾಧವಲಾ ಎಂಬ ಜೈನ ಸಿದ್ಧಾಂತ ಗ್ರಂಥಗಳ ತಾಳೆಗರಿಗಳು ಶತಮಾನಗಳ ಕಾಲ ಕಾವಲಿನಲ್ಲಿದ್ದವು. ಭಾಷೆ ಪ್ರಾಕೃತ, ಲಿಪಿ ಹಳಗನ್ನಡದ್ದು. ಯಾತ್ರಿಕರು ಅವನ್ನು ದೂರದಿಂದ ನೋಡಿ ಕೈಮುಗಿಯುತ್ತಿದ್ದರೇ ಹೊರತು ಓದುವವರಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕೆಲಸ ಆರಂಭವಾಗಿ, 1939ರಲ್ಲಿ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಧವಲಾದ ಮೊದಲ ಸಂಪುಟ ಅಚ್ಚಾಯಿತು.

ಹಾಗಾದರೆ ಗುಡಿಗಳ ಸಂಪತ್ತೆಲ್ಲ ಎಲ್ಲಿತ್ತು? ಶಾಸನಗಳನ್ನು ಓದಿದರೆ ಸಾಕು. ಬಿ.ಎಲ್. ರೈಸ್ 1904ರಲ್ಲಿ ಪ್ರಕಟಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹನ್ನೆರಡನೆಯ ಸಂಪುಟ ತುಮಕೂರು ಜಿಲ್ಲೆಯ ಶಾಸನಗಳಿಗೇ ಮೀಸಲು. ದೇವರಿಗೆ ದತ್ತಿ ಬಿಟ್ಟದ್ದೆಂದರೆ ಸಾಮಾನ್ಯವಾಗಿ ಗದ್ದೆ, ಬೆದ್ದಲು, ನಂದಾದೀಪದ ಎಣ್ಣೆಗೆ ಗಾಣ, ಸುಂಕದ ಪಾಲು. ಸಂಪತ್ತು ಬಹುಮಟ್ಟಿಗೆ ಕೆರೆಯ ಕೆಳಗಿನ ನೆಲದಲ್ಲಿತ್ತು. ರಾಜಧಾನಿಯ ಬೊಕ್ಕಸದಲ್ಲಿದ್ದ ಹೊನ್ನನ್ನು 1311ರಲ್ಲಿ ದೋರಸಮುದ್ರಕ್ಕೆ ದಂಡೆತ್ತಿ ಬಂದ ಮಲ್ಲಿಕ್ ಕಾಫರನಿಗೆ ಮುಮ್ಮಡಿ ಬಲ್ಲಾಳ ಒಪ್ಪಿಸಬೇಕಾಯಿತು.

ನೆಲದಲ್ಲಿ ಹಣ ಸಿಕ್ಕೇ ಇಲ್ಲವೆಂದಲ್ಲ. ತಿಪಟೂರಿನಿಂದ ಬೆಂಗಳೂರಿಗೆ ಹೋಗುವ ರೈಲು ಹಾಯುವ ಯಶವಂತಪುರದಲ್ಲೇ 1891ರಲ್ಲಿ 163 ರೋಮನ್ ಬೆಳ್ಳಿ ನಾಣ್ಯಗಳು ದೊರೆತವು. ಆದರೆ ಅವು ದೊರೆತದ್ದು ಗುಡಿಯ ಪೀಠದ ಕೆಳಗಲ್ಲ. ರೈಲ್ವೆ ಕೆಲಸಕ್ಕೆ ಮಣ್ಣು ಅಗೆಯುವಾಗ, ಆಕಸ್ಮಿಕವಾಗಿ.

ತಿರುವನಂತಪುರದ ಪದ್ಮನಾಭಸ್ವಾಮಿ ದೇವಾಲಯದಲ್ಲಿ 2011ರಲ್ಲಿ ಸಿಕ್ಕ ಅಪಾರ ಸಂಪತ್ತಿನ ಮಾತೇನು ಎಂದು ಕೇಳಬಹುದು. ಅದು ರಾಜಮನೆತನವೊಂದರ ಆಶ್ರಯದಲ್ಲಿ ನಿರಂತರ ಪೂಜೆ ನಡೆದುಬಂದ ದೇವಾಲಯದ ಭಂಡಾರ. ಹಾಳುಬಿದ್ದ ಗೋಡೆಯೊಳಗೆ ಯಾರೋ ಮರೆತುಹೋದ ನಿಧಿಯಲ್ಲ. ಅಲ್ಲಿಯೂ ಉಗ್ರಾಣಗಳು ತೆರೆದದ್ದು ನ್ಯಾಯಾಲಯದ ಆದೇಶದಂತೆ. ಇನ್ನೂ ತೆರೆಯದ 'ಬಿ' ಕೋಣೆಯ ವಿಷಯವನ್ನು ಸುಪ್ರೀಂ ಕೋರ್ಟ್ 2020ರಲ್ಲಿ ಆಡಳಿತ ಸಮಿತಿಗಳ ವಿವೇಚನೆಗೆ ಬಿಟ್ಟಿತು.

ನಿಧಿಗಳ್ಳರಿಗೆ ಈ ವಿವೇಚನೆಯಿಲ್ಲ. 2019ರ ಜುಲೈನಲ್ಲಿ ಆನೆಗೊಂದಿ ಬಳಿಯ ನವವೃಂದಾವನ ನಡುಗಡ್ಡೆಗೆ ರಾತ್ರಿ ನುಗ್ಗಿದವರು ವ್ಯಾಸರಾಜರ ವೃಂದಾವನವನ್ನೇ ಕಿತ್ತು ಅಗೆದರು. ಎಲ್ಲವನ್ನೂ ತೊರೆದ ಸನ್ಯಾಸಿಯ ಸಮಾಧಿಯಲ್ಲಿ ಹೊನ್ನು ಹುಡುಕಿದ ವಿಪರ್ಯಾಸ ಇದು. ಭಕ್ತರು ಕೂಡಲೇ ಸೇರಿ ಅದನ್ನು ಮತ್ತೆ ಕಟ್ಟಿದರು. ಹಾಗೆ ಕಟ್ಟುವವರು ಊರಾಚೆಯ ಪಾಳು ಗುಡಿಗೆ ಎಲ್ಲಿದ್ದಾರೆ? ವೀರಗಲ್ಲು ಉರುಳಿಸಿ, ನಾಗರಕಲ್ಲಿನ ಬುಡ ಅಗೆದು, ಪೀಠದಿಂದ ಲಿಂಗ ಕಿತ್ತರೆ ಒಂದು ಊರಿನ ಚರಿತ್ರೆಯ ಪುಟವೇ ಹರಿದಂತೆ. ಭೂಮಿಯಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ಕಾನೂನು 1878ರಷ್ಟು ಹಿಂದೆಯೇ ಬಂದಿದೆ. ನಿಧಿಗಾಗಿ ಮಾಡುವ ಅಮಾನುಷ ವಾಮಾಚಾರ ಕರ್ನಾಟಕದ 2017ರ ಕಾಯ್ದೆಯ ಪ್ರಕಾರ ಅಪರಾಧ. ಆದರೆ ಪ್ರತಿ ಗುಡಿಗೂ ಪೊಲೀಸರನ್ನು ನಿಲ್ಲಿಸಲಾಗದು. ಕಾಯಬೇಕಾದವರು ಊರಿನವರೇ.

ಮುಚ್ಚಿದ್ದನ್ನು ತಿಳಿಯಬಾರದೆಂದೇನೂ ಅಲ್ಲ, ಒಡೆಯದೆ ತಿಳಿಯಬೇಕು. ಈಜಿಪ್ಟಿನ ಮಹಾ ಪಿರಮಿಡ್ಡಿನ ಉತ್ತರ ಮುಖದ ಹಿಂದೆ ಸುಮಾರು ಒಂಬತ್ತು ಮೀಟರ್ ಉದ್ದದ ಮುಚ್ಚಿದ ಓಣಿಯೊಂದಿದೆ ಎಂದು 2023ರಲ್ಲಿ ಪ್ರಕಟವಾಯಿತು. ಆಕಾಶದಿಂದ ಸದಾ ಸುರಿಯುವ ಮ್ಯೂಆನ್ ಕಣಗಳು ಕಲ್ಲನ್ನು ಹಾಯ್ದು ಬರುವ ಪ್ರಮಾಣವನ್ನು ಅಳೆದು ಅದನ್ನು ಗುರುತಿಸಿದರು. ಆಮೇಲೆ ಕಲ್ಲಿನ ಸಂದಿಯಲ್ಲಿ ತೆಳ್ಳನೆಯ ಕ್ಯಾಮೆರಾ ತೂರಿಸಿ ನೋಡಿದರು. ಓಣಿ ಬರಿದಾಗಿತ್ತು. ಆದರೂ ಪಿರಮಿಡ್ ಕಟ್ಟಿದ ಬಗೆಯನ್ನು ತಿಳಿಯಲು ಅದೊಂದು ಸುಳಿವಾಯಿತು.

ತೆಂಗಿನ ಸೀಮೆಯವರಿಗೆ ಈ ವಿವೇಕವನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯನ್ನು ಅಲುಗಿಸಿ, ಒಳಗಿನ ಉಂಡೆ ಕೊಬ್ಬರಿ ಬಿಟ್ಟುಕೊಂಡಿದೆಯೇ ಎಂದು ಸದ್ದಿನಿಂದಲೇ ಅವರು ತಿಳಿಯುತ್ತಾರೆ. ಒಳಗೇನಿದೆ ನೋಡೋಣವೆಂದು ಹೊತ್ತಿಗೆ ಮುಂಚೆ ಒಡೆದವನಿಗೆ ಕೊಬ್ಬರಿ ದಕ್ಕುವುದಿಲ್ಲ.

ಅರಳಗುಪ್ಪೆಯ ಕಲ್ಲೇಶ್ವರ ಗುಡಿಯಲ್ಲಿ ನಿಂತು ತಲೆಯೆತ್ತಿದರೆ, ಚಾವಣಿಯ ನಡುವೆ ನರ್ತಿಸುವ ಶಿವ, ಸುತ್ತಲೂ ಎಂಟು ದಿಕ್ಪಾಲಕರು ಕಾಣಿಸುತ್ತಾರೆ. ಸಾವಿರ ವರ್ಷಗಳಿಂದ ಆ ನಿಧಿ ಬೀಗವಿಲ್ಲದೆ ತೆರೆದೇ ಇದೆ. ನೆಲ ಅಗೆಯುವವನ ಕಣ್ಣಿಗೆ ಅದು ಬೀಳುವುದಿಲ್ಲ.