ಸಮಾಜಕಾರ್ಯದಲ್ಲಿ ಆನ್‌ಲೈನ್ ಡಾಕ್ಟರೇಟ್ ಪದವಿ

ಸಮಾಜಕಾರ್ಯದಲ್ಲಿ ಆನ್‌ಲೈನ್ ಡಾಕ್ಟರೇಟ್ ಪದವಿ ಎಂದರೆ ಸಮಾಜಕಾರ್ಯ ವಿಷಯದ ಅತ್ಯುನ್ನತ ಪದವಿಯನ್ನು ಪೂರ್ಣವಾಗಿ ಅಥವಾ ಬಹುಪಾಲು ಅಂತರಜಾಲದ ಮೂಲಕ ಪಡೆಯುವ ಕ್ರಮ. ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳಲ್ಲಿ ಇದು ರೂಢಿಯಲ್ಲಿದೆ. ಭಾರತದಲ್ಲಿ ಆನ್‌ಲೈನ್ ಅಥವಾ ದೂರಶಿಕ್ಷಣದ ಮೂಲಕ ಪಿಎಚ್.ಡಿ. ನೀಡಲು ಅವಕಾಶವಿಲ್ಲ. ಆದರೆ ಉದ್ಯೋಗದಲ್ಲಿರುವವರಿಗೆ ಅರೆಕಾಲಿಕ ಪಿಎಚ್.ಡಿ.ಗೆ ಅವಕಾಶವಿದ್ದು, ಅದರ ಕೆಲವು ಹಂತಗಳನ್ನು ಆನ್‌ಲೈನ್‌ನಲ್ಲಿ ನಡೆಸಬಹುದಾಗಿದೆ. ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡು ಮುಂತಾದೆಡೆಗಳಲ್ಲಿ ಕೆಲಸ ಮಾಡುತ್ತಲೇ ಸಂಶೋಧನೆ ಕೈಗೊಳ್ಳಬಯಸುವ ಸಮಾಜಕಾರ್ಯ ಪದವೀಧರರಿಗೆ ಈ ವ್ಯತ್ಯಾಸ ಮುಖ್ಯವಾದುದು.

ಪದವಿಯ ಬಗೆಗಳು

ಸಮಾಜಕಾರ್ಯದಲ್ಲಿ ಎರಡು ಬಗೆಯ ಡಾಕ್ಟರೇಟ್ ಪದವಿಗಳಿವೆ. ಪಿಎಚ್.ಡಿ. ಸಂಶೋಧನಾ ಪದವಿಯಾಗಿದ್ದು, ಮೂಲ ಸಂಶೋಧನೆಯನ್ನು ಆಧರಿಸಿದ ಮಹಾಪ್ರಬಂಧವನ್ನು ಬಯಸುತ್ತದೆ. ಡಿ.ಎಸ್.ಡಬ್ಲ್ಯು. (ಡಾಕ್ಟರ್ ಆಫ್ ಸೋಶಿಯಲ್ ವರ್ಕ್) ವೃತ್ತಿಪರ ಪದವಿಯಾಗಿದ್ದು, ಅನುಭವಿ ಸಮಾಜಕಾರ್ಯಕರ್ತರ ವೃತ್ತಿಕೌಶಲ ಮತ್ತು ನಾಯಕತ್ವಕ್ಕೆ ಒತ್ತು ನೀಡುತ್ತದೆ. ಅಮೆರಿಕದಲ್ಲಿ ಟೆನೆಸ್ಸಿ ವಿಶ್ವವಿದ್ಯಾಲಯ ಮತ್ತು ಸದರ್ನ್ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯಗಳು ಆನ್‌ಲೈನ್‌ನಲ್ಲಿ ಬೋಧಿಸುವುದು ಡಿ.ಎಸ್.ಡಬ್ಲ್ಯು. ಪದವಿಯನ್ನು. ಭಾರತದ ವಿಶ್ವವಿದ್ಯಾಲಯಗಳಲ್ಲಿ ಪ್ರಚಲಿತವಿರುವುದು ಪಿಎಚ್.ಡಿ.

ಭಾರತದಲ್ಲಿ ಸಮಾಜಕಾರ್ಯದ ವೃತ್ತಿಶಿಕ್ಷಣವು 1936ರಲ್ಲಿ ಮುಂಬಯಿಯಲ್ಲಿ ಆರಂಭವಾದ ಸರ್ ದೊರಾಬ್ಜಿ ಟಾಟಾ ಸಮಾಜಕಾರ್ಯ ಶಾಲೆಯಿಂದ ಮೊದಲಾಯಿತು. ಅದೇ ಮುಂದೆ ಟಾಟಾ ಸಮಾಜ ವಿಜ್ಞಾನಗಳ ಸಂಸ್ಥೆಯಾಯಿತು. ಕರ್ನಾಟಕದಲ್ಲಿ ಮಂಗಳೂರಿನ ರೋಶನಿ ನಿಲಯವು 1960ರಲ್ಲಿ ಸ್ಥಾಪನೆಯಾಯಿತು. ತರಗತಿಯ ಪಾಠದಷ್ಟೇ ಕ್ಷೇತ್ರಕಾರ್ಯಕ್ಕೂ ಮಹತ್ವ ನೀಡುವುದು ಈ ಶಿಕ್ಷಣದ ಲಕ್ಷಣ.

ಭಾರತದಲ್ಲಿ ಮಾನ್ಯತೆ

ವಿಶ್ವವಿದ್ಯಾಲಯ ಧನಸಹಾಯ ಆಯೋಗವು (ಯುಜಿಸಿ) 2022ರ ನವೆಂಬರ್‌ನಲ್ಲಿ ಪ್ರಕಟಿಸಿದ ಪಿಎಚ್.ಡಿ. ನಿಬಂಧನೆಗಳ ಪ್ರಕಾರ ಯಾವ ಉನ್ನತ ಶಿಕ್ಷಣ ಸಂಸ್ಥೆಯೂ ದೂರಶಿಕ್ಷಣ ಅಥವಾ ಆನ್‌ಲೈನ್ ಕ್ರಮದಲ್ಲಿ ಪಿಎಚ್.ಡಿ. ನಡೆಸುವಂತಿಲ್ಲ. 2016ರ ನಿಬಂಧನೆಗಳಲ್ಲಿಯೂ ದೂರಶಿಕ್ಷಣದ ಪಿಎಚ್.ಡಿ.ಗೆ ನಿಷೇಧವಿತ್ತು. ಖಾಸಗಿ ಶಿಕ್ಷಣ ತಂತ್ರಜ್ಞಾನ ಕಂಪನಿಗಳು ವಿದೇಶಿ ಸಂಸ್ಥೆಗಳ ಸಹಯೋಗದಲ್ಲಿ ನೀಡುವ ಆನ್‌ಲೈನ್ ಪಿಎಚ್.ಡಿ.ಗಳಿಗೆ ಮಾನ್ಯತೆಯಿಲ್ಲವೆಂದು ಯುಜಿಸಿ ಮತ್ತು ಎಐಸಿಟಿಇ 2022ರ ಅಕ್ಟೋಬರ್‌ನಲ್ಲಿ ಜಂಟಿಯಾಗಿ ಎಚ್ಚರಿಕೆ ನೀಡಿದವು. ಇಂತಹ ಪದವಿಗೆ ಸೇರಿದವರು ಹಣ ಮತ್ತು ಹಲವು ವರ್ಷಗಳನ್ನು ವ್ಯಯಿಸಿದ ಬಳಿಕವೂ ನೇಮಕಾತಿಯಲ್ಲಿ ಅದನ್ನು ಅರ್ಹತೆಯಾಗಿ ತೋರಿಸಲಾಗದ ಸ್ಥಿತಿ ಉಂಟಾಗುತ್ತದೆ.

ಸಾರ್ವಜನಿಕ ಸೇವೆಯನ್ನು ಗೌರವಿಸಿ ನೀಡಲಾಗುವ ಗೌರವ ಡಾಕ್ಟರೇಟ್ ಇದಕ್ಕಿಂತ ಭಿನ್ನವಾದುದು. ಅದು ಅಧ್ಯಯನದಿಂದ ಪಡೆಯುವ ಪದವಿಯಲ್ಲ. ಅಧ್ಯಾಪಕ ಹುದ್ದೆಗೆ ಅರ್ಹತೆಯೂ ಆಗುವುದಿಲ್ಲ.

ಪ್ರವೇಶ ಮತ್ತು ಅವಧಿ

ಮೂರು ವರ್ಷದ ಪದವಿಯ ನಂತರ ಎರಡು ವರ್ಷದ ಸ್ನಾತಕೋತ್ತರ ಪದವಿ ಪಡೆದವರು ಅದರಲ್ಲಿ ಕನಿಷ್ಠ ಶೇ. 55 ಅಂಕ ಗಳಿಸಿರಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಇತರೆ ಹಿಂದುಳಿದ ವರ್ಗ, ಅಂಗವಿಕಲರು ಮೊದಲಾದವರಿಗೆ ಶೇ. 5ರ ವಿನಾಯಿತಿ ಇದೆ. ನಾಲ್ಕು ವರ್ಷದ ಪದವಿಯನ್ನು ಶೇ. 75 ಅಂಕಗಳೊಂದಿಗೆ ಪೂರೈಸಿದವರೂ ಅರ್ಜಿ ಸಲ್ಲಿಸಬಹುದು. ಪ್ರವೇಶವು ಪ್ರವೇಶ ಪರೀಕ್ಷೆ ಹಾಗೂ ಸಂದರ್ಶನದ ಮೂಲಕ ನಡೆಯುತ್ತದೆ. 2024ರಿಂದ ಯುಜಿಸಿ-ನೆಟ್ ಅಂಕಗಳನ್ನೂ ಪ್ರವೇಶಕ್ಕೆ ಬಳಸಲಾಗುತ್ತಿದೆ. ಸಮಾಜಕಾರ್ಯವು ನೆಟ್ ಪರೀಕ್ಷೆಯಲ್ಲಿ ಪ್ರತ್ಯೇಕ ವಿಷಯವಾಗಿದೆ.

ಪಿಎಚ್.ಡಿ.ಯ ಅವಧಿ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿಯ ಮೂಲಕ ಇನ್ನೂ 2 ವರ್ಷಗಳ ಅವಕಾಶವಿದೆ. ಮಹಿಳೆಯರಿಗೆ ಹಾಗೂ ಶೇ. 40ಕ್ಕಿಂತ ಹೆಚ್ಚು ಅಂಗವೈಕಲ್ಯವುಳ್ಳವರಿಗೆ ಒಟ್ಟು ಅವಧಿ 10 ವರ್ಷಗಳವರೆಗೆ ವಿಸ್ತರಿಸಬಹುದು. ಮಹಿಳಾ ಸಂಶೋಧನಾರ್ಥಿಗಳಿಗೆ 240 ದಿನಗಳವರೆಗೆ ಹೆರಿಗೆ ಅಥವಾ ಶಿಶುಪಾಲನಾ ರಜೆ ದೊರೆಯುತ್ತದೆ.

ಅರೆಕಾಲಿಕ ಅಭ್ಯರ್ಥಿಗಳು ತಾವು ಕೆಲಸ ಮಾಡುವ ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರ ಸಲ್ಲಿಸಬೇಕು. ಅಧ್ಯಯನಕ್ಕೆ ಅನುಮತಿ ಇದೆ, ಕರ್ತವ್ಯದ ನಡುವೆ ಸಂಶೋಧನೆಗೆ ಸಾಕಷ್ಟು ಸಮಯ ದೊರೆಯುತ್ತದೆ, ಅಗತ್ಯವಿದ್ದಲ್ಲಿ ಕೋರ್ಸ್‌ವರ್ಕ್ ಮುಗಿಸಲು ಕರ್ತವ್ಯದಿಂದ ಬಿಡುಗಡೆ ಮಾಡಲಾಗುತ್ತದೆ ಎಂಬ ಅಂಶಗಳು ಅದರಲ್ಲಿರಬೇಕು.

ಆನ್‌ಲೈನ್‌ನಲ್ಲಿ ಸಾಧ್ಯವಿರುವ ಭಾಗಗಳು

ಮಾನ್ಯವಾದ ಪಿಎಚ್.ಡಿ.ಯಲ್ಲೂ ಅಂತರಜಾಲದ ಬಳಕೆ ವ್ಯಾಪಕವಾಗಿದೆ.

* ಗ್ರಂಥಾಲಯ: ಇನ್‌ಫ್ಲಿಬ್‌ನೆಟ್ ಕೇಂದ್ರದ 'ಶೋಧಗಂಗಾ' ಜಾಲತಾಣದಲ್ಲಿ ಭಾರತೀಯ ವಿಶ್ವವಿದ್ಯಾಲಯಗಳ ಮಹಾಪ್ರಬಂಧಗಳನ್ನು ಉಚಿತವಾಗಿ ಓದಬಹುದು. ಆಯ್ದುಕೊಂಡ ವಿಷಯದಲ್ಲಿ ಈಗಾಗಲೇ ಯಾವ ಕೆಲಸ ನಡೆದಿದೆ ಎಂಬುದು ಇದರಿಂದ ತಿಳಿಯುತ್ತದೆ.
* ಪಾಠಗಳು: ಕೇಂದ್ರ ಸರ್ಕಾರದ 'ಸ್ವಯಂ' ವೇದಿಕೆಯಲ್ಲಿ ಸಂಶೋಧನಾ ವಿಧಾನಗಳಿಗೆ ಸಂಬಂಧಿಸಿದ ಪಾಠಗಳಿವೆ. ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್‌ಗಳಷ್ಟಿದ್ದು, ಸಂಶೋಧನೆ ಮತ್ತು ಪ್ರಕಟಣಾ ನೀತಿಯ ಪಾಠವನ್ನೂ ಒಳಗೊಂಡಿರುತ್ತದೆ.
* ಮೌಖಿಕ ಪರೀಕ್ಷೆ: ಮಹಾಪ್ರಬಂಧವನ್ನು ಮಾರ್ಗದರ್ಶಕರಲ್ಲದೆ ಕನಿಷ್ಠ ಇಬ್ಬರು ಬಾಹ್ಯ ಪರೀಕ್ಷಕರು ಮೌಲ್ಯಮಾಪನ ಮಾಡುತ್ತಾರೆ. ಅಂತಿಮ ಮೌಖಿಕ ಪರೀಕ್ಷೆಯನ್ನು ಆನ್‌ಲೈನ್‌ನಲ್ಲಿ ನಡೆಸಲು 2022ರ ನಿಬಂಧನೆಗಳು ಅವಕಾಶ ನೀಡಿವೆ.

ಆದರೆ ಸಂಶೋಧನಾರ್ಥಿಯು ಪ್ರತಿ ಸೆಮಿಸ್ಟರ್‌ನಲ್ಲಿ ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರಗತಿ ವರದಿ ಮಂಡಿಸಬೇಕು. ಸಮಾಜಕಾರ್ಯದ ಕ್ಷೇತ್ರಾಧ್ಯಯನವು ಜನರ ನಡುವೆಯೇ ನಡೆಯಬೇಕಾದುದು. ಕೂಲಿಕಾರರು, ವೃದ್ಧರು, ಓದುಬರಹ ಬಾರದವರು ಆನ್‌ಲೈನ್ ಪ್ರಶ್ನಾವಳಿಗೆ ಸಿಗುವುದು ವಿರಳ. ಅಂತಹ ಮಾಹಿತಿಯನ್ನಷ್ಟೇ ನೆಚ್ಚಿದರೆ ಅಧ್ಯಯನಕ್ಕೆ ಮುಖ್ಯರಾದವರೇ ಹೊರಗುಳಿಯುತ್ತಾರೆ.

ಬಳ್ಳಾರಿ ಜಿಲ್ಲೆಯಲ್ಲಿ

ಬಳ್ಳಾರಿ ನಗರದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯವು 2010ರಲ್ಲಿ ಸ್ಥಾಪನೆಯಾಯಿತು. ಅದಕ್ಕೆ ಮೊದಲು ಇಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಿತ್ತು. ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯ ಅಧ್ಯಯನ ವಿಭಾಗವಿದೆ. ಸಿರುಗುಪ್ಪ ಬಳ್ಳಾರಿಯಿಂದ ಸುಮಾರು 55 ಕಿ.ಮೀ., ಕುರುಗೋಡು ಸುಮಾರು 30 ಕಿ.ಮೀ. ದೂರದಲ್ಲಿವೆ. ಈ ತಾಲ್ಲೂಕುಗಳಲ್ಲಿ ಉದ್ಯೋಗದಲ್ಲಿರುವವರಿಗೆ ಊರು ಬಿಡದೆ ಅರೆಕಾಲಿಕ ಸಂಶೋಧನೆ ನಡೆಸುವುದು ದೂರದ ದೃಷ್ಟಿಯಿಂದ ಕಷ್ಟವಲ್ಲ. ಮಾರ್ಗದರ್ಶಕರ ಲಭ್ಯತೆಯೇ ಹೆಚ್ಚಿನ ತೊಡಕು: ನಿಬಂಧನೆಗಳಂತೆ ಪ್ರಾಧ್ಯಾಪಕರು ಏಕಕಾಲಕ್ಕೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಮಂದಿಗಿಂತ ಹೆಚ್ಚಿನವರಿಗೆ ಮಾರ್ಗದರ್ಶನ ನೀಡುವಂತಿಲ್ಲ.

ಜಿಲ್ಲೆಯಲ್ಲಿ ಸಂಶೋಧನೆಗೆ ಯೋಗ್ಯವಾದ ವಿಷಯಗಳು ಹೇರಳವಾಗಿವೆ. ಬಳ್ಳಾರಿ ನಗರದ ಜೀನ್ಸ್ ಹೊಲಿಗೆ ಘಟಕಗಳ ಕಾರ್ಮಿಕರು, 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆಗೆ ತಡೆ ನೀಡಿದ ಬಳಿಕ ಗಣಿ ಕಾರ್ಮಿಕರ ಜೀವನದಲ್ಲಾದ ಬದಲಾವಣೆ, ತುಂಗಭದ್ರೆಯ ದಡದ ಸಿರುಗುಪ್ಪ ತಾಲ್ಲೂಕಿನಲ್ಲಿ 2009ರ ನೆರೆಯ ನಂತರದ ಪುನರ್ವಸತಿ, ಭತ್ತದ ಗದ್ದೆಗಳಲ್ಲಿ ದುಡಿಯುವ ಮಹಿಳೆಯರ ಆರೋಗ್ಯ, ಕುರುಗೋಡು ಭಾಗದ ಕೃಷಿಕೂಲಿ ಕುಟುಂಬಗಳ ಮಕ್ಕಳ ಶಿಕ್ಷಣ, 1982ರ ನಿಷೇಧ ಕಾಯಿದೆಯ ಹಿನ್ನೆಲೆಯಲ್ಲಿ ಮಾಜಿ ದೇವದಾಸಿಯರ ಪುನರ್ವಸತಿ ಇವು ಕೆಲವು ಉದಾಹರಣೆಗಳು. ಸ್ಥಳೀಯ ಆಡುಮಾತು ಬಲ್ಲ, ಜನರ ವಿಶ್ವಾಸ ಗಳಿಸಿದ ಸಮಾಜಕಾರ್ಯಕರ್ತರಿಗೆ ಇಲ್ಲಿ ಹೊರಗಿನವರಿಗಿಲ್ಲದ ಅನುಕೂಲವಿದೆ.

ಉದ್ಯೋಗದಲ್ಲಿ ಪ್ರಯೋಜನ

2023ರ ಜುಲೈ 1ರಿಂದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ನೆಟ್, ಸೆಟ್ ಅಥವಾ ಸ್ಲೆಟ್ ಕನಿಷ್ಠ ಅರ್ಹತೆಯಾಗಿದ್ದು, ಪಿಎಚ್.ಡಿ. ಐಚ್ಛಿಕವಾಗಿದೆ. ಸಹ ಪ್ರಾಧ್ಯಾಪಕ ಮತ್ತು ಅದಕ್ಕಿಂತ ಮೇಲಿನ ಹುದ್ದೆಗಳಿಗೆ ಪಿಎಚ್.ಡಿ. ಅಗತ್ಯ. ಆಸ್ಪತ್ರೆ, ಮಕ್ಕಳ ರಕ್ಷಣೆ, ಸ್ವಯಂಸೇವಾ ಸಂಸ್ಥೆಗಳ ಕ್ಷೇತ್ರಮಟ್ಟದ ಕೆಲಸಕ್ಕೆ ಸಾಮಾನ್ಯವಾಗಿ ಸ್ನಾತಕೋತ್ತರ ಪದವಿಯೇ ಸಾಕಾಗುತ್ತದೆ.

ಸೇರುವ ಮೊದಲು ಪರಿಶೀಲಿಸಬೇಕಾದ ಅಂಶಗಳು

* ವಿಶ್ವವಿದ್ಯಾಲಯದ ಹೆಸರು ಯುಜಿಸಿ ಪಟ್ಟಿಯಲ್ಲಿದೆಯೇ. ಯುಜಿಸಿ ಪ್ರಕಟಿಸುವ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿಲ್ಲವೇ.
* ಪ್ರಕಟಣೆಯು ಪ್ರವೇಶ ಪರೀಕ್ಷೆ, ಕೋರ್ಸ್‌ವರ್ಕ್, ಮಾರ್ಗದರ್ಶಕರು ಇವುಗಳ ವಿವರ ನೀಡಿದೆಯೇ. ಮೂರು ವರ್ಷಕ್ಕಿಂತ ಮೊದಲೇ ಪದವಿ ನೀಡುವ ಭರವಸೆ ನಿಬಂಧನೆಗಳಿಗೆ ವಿರುದ್ಧವಾದುದು.
* ವಿದೇಶಿ ಪದವಿಯಾದರೆ ಭಾರತದಲ್ಲಿ ಅದಕ್ಕೆ ಸಮಾನತೆ ದೊರೆಯುವುದೇ. ಈ ಕುರಿತು ಯುಜಿಸಿ 2025ರ ಏಪ್ರಿಲ್‌ನಲ್ಲಿ ಹೊಸ ನಿಬಂಧನೆಗಳನ್ನು ಪ್ರಕಟಿಸಿದೆ.
* ಮಹಾಪ್ರಬಂಧವನ್ನು ಕನ್ನಡದಲ್ಲಿ ಸಲ್ಲಿಸಲು ಆಯಾ ವಿಶ್ವವಿದ್ಯಾಲಯದ ನಿಯಮದಲ್ಲಿ ಅವಕಾಶವಿದೆಯೇ.

ಇವನ್ನೂ ನೋಡಿ

* ಸಮಾಜಕಾರ್ಯ
* ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ
* ವಿಶ್ವವಿದ್ಯಾಲಯ ಧನಸಹಾಯ ಆಯೋಗ
* ದೂರಶಿಕ್ಷಣ
* ಬಳ್ಳಾರಿ ಜಿಲ್ಲೆ